ಮೈದಾನದ ಅಂಚಿನಲ್ಲಿ ಆಪಾ

ಕಳೆದ ತಿಂಗಳು ಆಸ್ಪತ್ರೆಯ ಕ್ಯಾಂಟೀನಿನ ಪಕ್ಕದ ಹಾಲ್‌ನಲ್ಲಿ ಆಪಾ ಅವರ ಬೀಳ್ಕೊಡುಗೆ ನಡೆಯಿತು. ಅವರು ಕೆಲಸ ಮಾಡುತ್ತಿದ್ದ ಫಿಸಿಯೋಥೆರಪಿ ವಿಭಾಗದವರು ಕೇಕು ತಂದಿದ್ದರು, ಯಾರೋ ಮನೆಯಿಂದ ಸಮೋಸ ಮಾಡಿಕೊಂಡು ಬಂದಿದ್ದರು. ನಾನು ಆಸ್ಪತ್ರೆಯವಳಲ್ಲ, ಬರೀ ನೆರೆಮನೆಯವಳು. ಆದರೂ ನನ್ನನ್ನೂ ಎರಡು ಮಾತಾಡಿ ಎಂದು ಎಬ್ಬಿಸಿದರು. ಇಂಗ್ಲಿಷಿನಲ್ಲಿ ಏನೋ ಒಂದಷ್ಟು ಒಳ್ಳೆಯ ಮಾತು ಹೇಳಿ ಕೂತೆ. ಹೇಳಬೇಕು ಅನ್ನಿಸಿದ್ದು ಲೀಡ್ಸ್‌ನ ಆ ಶನಿವಾರದ ಸಂಗತಿ. ಕೈಯಲ್ಲಿ ಕೇಕು ಹಿಡಿದು ನಿಂತವರ ಮುಂದೆ ಹೇಳುವ ಮಾತಲ್ಲ ಅದು. ಮನೆಗೆ ಬಂದ ಮೇಲೂ ಅದು ನನ್ನನ್ನು ಬಿಡಲಿಲ್ಲ.

ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್‌ನಲ್ಲಿ ನಮ್ಮ ಬೀದಿಯ ಕೊನೆಯ ಮನೆ ಅವರದು. ಹುಟ್ಟಿ ಬೆಳೆದದ್ದು ಬೆಳಗಾವಿಯ ಕ್ಯಾಂಪಿನಲ್ಲಿ. ತಂದೆ ಸೈನ್ಯದ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವರು. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ನಾಲ್ಕನ್ನೂ ಒಂದೇ ಉಸಿರಿನಲ್ಲಿ ಬಳಸುವ ಅಭ್ಯಾಸ ಅವರಿಗೆ ಅಲ್ಲಿಂದಲೇ ಬಂದದ್ದು. ನಾನು ಮೈಸೂರಿನವಳು. ನನ್ನ ಹತ್ತಿರ ಮೊದಮೊದಲು ಬೆಂಗಳೂರಿನ ಟೀವಿಯವರ ಹಾಗೆ ನೀಟಾಗಿ ಮಾತಾಡುತ್ತಿದ್ದರು. ಸಲಿಗೆ ಬೆಳೆದ ಮೇಲೆ ಆ ಕನ್ನಡವನ್ನು ಕಳಚಿಟ್ಟು ತಮ್ಮದನ್ನು ತೆಗೆದರು. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಆಪಾ ಎಂದೇ. ಅಕ್ಕ ಅನ್ನುವುದಕ್ಕೆ ಅವರ ಮನೆಮಾತಿನ ಪದ. ಆಸ್ಪತ್ರೆಯ ಇಂಗ್ಲಿಷ್ ನರ್ಸುಗಳು ಅದನ್ನೇ ಅವರ ಹೆಸರು ಎಂದುಕೊಂಡಿದ್ದರು.

ಅವರ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಊಟ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತುಕೊಂಡೇ. ಟ್ರಾಫಿಕ್ಕಿನಲ್ಲಿ ಬಸ್ಸು ನಿಂತರೆ ಡ್ರೈವರನ್ನು ಕೇಳಿಕೊಂಡು ಇಳಿದು ನಡೆದುಬಿಡುವರು. ಮುಂದಿನ ಸ್ಟಾಪಿನಲ್ಲಿ ಅದೇ ಬಸ್ಸಿಗೆ ಕಾದು ಹತ್ತಿದ್ದೂ ಉಂಟು. ಕಸದ ಗಾಡಿ ಬರುವ ದಿನ ಬೀದಿಯವರ ಬಿನ್‌ಗಳನ್ನೆಲ್ಲ ಬೆಳಿಗ್ಗೆಯೇ ರಸ್ತೆಯ ಬದಿಗೆ ಎಳೆದಿಟ್ಟು, ಸಂಜೆ ಅವೆಲ್ಲ ಖಾಲಿಯಾದ ಮೇಲೆ ವಾಪಸು ಒಳಗೆ ತಳ್ಳುವರು. ಯಾರೂ ಕೇಳಿಕೊಂಡದ್ದಲ್ಲ. ಒಬ್ಬ ಮುದುಕ ಇದರಿಂದ ಸಿಟ್ಟಾಗಿ ತನ್ನ ಬಿನ್ನಿಗೆ ಸರಪಳಿ ಹಾಕಿದ. ಆಪಾ ಸರಪಳಿಯನ್ನು ನೋಡಿ ನಕ್ಕು, ಅವನ ಬಾಗಿಲು ತಟ್ಟಿ, "ನಿಮ್ಮ ಎಡ ಸೊಂಟ ಬಿಗಿದಿದೆ, ನಡೆಯುವುದು ನೋಡಿದೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ಎರಡು ವ್ಯಾಯಾಮ ತೋರಿಸಿಕೊಟ್ಟು ಬಂದರು. ಸರಪಳಿ ಹಾಗೇ ಇತ್ತು. ವ್ಯಾಯಾಮವನ್ನು ಅವನು ಮಾಡಿದನೋ ಇಲ್ಲವೋ ಗೊತ್ತಿಲ್ಲ.

ನನ್ನ ಗಂಡನ ಭುಜ ಗಟ್ಟಿಯಾಗಿ ಕೈ ಮೇಲೆತ್ತಲಾಗದಿದ್ದಾಗ ಅವರು ಎಂದೂ "ನೋವು ಎಲ್ಲಿದೆ" ಎಂದು ಕೇಳಲಿಲ್ಲ.

"ಏನ್ ಮಾಡಾಕ ಆಗವಲ್ದು ಹೇಳ್ರಿ. ನೋವು ಯಾವತ್ತಿದ್ರೂ ಸುಳ್ಳ ಹೇಳ್ತದ. ಅಂಗಿ ಹಾಕ್ಕೊಳ್ಳಾಕ ಬರ್ತದೋ ಇಲ್ಲೋ, ಅದು ಸುಳ್ಳ ಹೇಳಂಗಿಲ್ಲ."

ಅವರಿಗೆ ಒಬ್ಬನೇ ಮಗ, ತಡವಾಗಿ ಹುಟ್ಟಿದವನು. ಗಂಡ ತೀರಿಕೊಂಡಾಗ ಅವನಿನ್ನೂ ಪ್ರೈಮರಿ ಶಾಲೆಯಲ್ಲಿದ್ದ. ನಾನು ಹೇಳುತ್ತಿರುವ ಸಂಗತಿ ನಡೆದ ಹೊತ್ತಿಗೆ ಅವನು ಯೂನಿವರ್ಸಿಟಿಯಲ್ಲಿ ಕೊನೆಯ ವರ್ಷದ ಎಂಜಿನಿಯರಿಂಗ್ ಓದುತ್ತ, ಸೆಲ್ಲಿ ಓಕ್‌ನಲ್ಲಿ ಗೆಳೆಯರ ಜೊತೆ ಬಾಡಿಗೆಮನೆಯಲ್ಲಿದ್ದ. ಅಮ್ಮನ ಮನೆಗೆ ಬಸ್ಸಿನಲ್ಲಿ ಬರುವಷ್ಟೇ ದೂರ, ಬರುತ್ತಿದ್ದದ್ದು ಮಾತ್ರ ಅಪರೂಪ. ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆಡುತ್ತಿದ್ದ. ಆ ತಂಡಕ್ಕೆ ಫಿಸಿಯೋ ಇಟ್ಟುಕೊಳ್ಳುವ ಶಕ್ತಿ ಇರಲಿಲ್ಲವಾಗಿ ಆಪಾ ವಾರಾಂತ್ಯದಲ್ಲಿ ತಾವೇ ಚೀಲ ಹೊತ್ತು ಹೋಗುತ್ತಿದ್ದರು. ಆಟಗಾರರ ಪಾದಕ್ಕೆ ಪಟ್ಟಿ ಸುತ್ತುವುದು, ಉಳುಕಿದ ಬೆರಳು ನೋಡುವುದು, ಪೆಟ್ಟಾದವರನ್ನು ಆಟದಿಂದ ಹೊರಗೆ ಕೂರಿಸುವುದು. ಮಗನನ್ನು ವಾರಕ್ಕೊಮ್ಮೆಯಾದರೂ ನೋಡಲು ಅದೊಂದು ದಾರಿ ಎಂದು ನನಗೆ ಅನ್ನಿಸುತ್ತಿತ್ತು. ಅವರು ಹಾಗೆ ಎಂದೂ ಹೇಳಲಿಲ್ಲ.

ಹಿಂದಿನ ಈದ್ ದಿನ ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು. ಓದು ಮುಗಿಯುವ ಮೊದಲೇ ಮೀಸಲು ಸೇನೆಗೆ ಸೇರುತ್ತೇನೆ, ಆಮೇಲೆ ಪೂರ್ತಿ ಸೇನೆಗೇ ಹೋಗುತ್ತೇನೆ ಎಂದ ಮಗ. ಆಪಾ ಬೇಡ ಎಂದರು. ಕಾರಣ ಕೇಳಿದರೆ ಬೇಡ ಎನ್ನುವುದೇ ಕಾರಣ ಎಂದರಂತೆ. ಅವನು ತಟ್ಟೆಯಲ್ಲಿದ್ದ ಬಿರಿಯಾನಿಯನ್ನು ಹಾಗೇ ಬಿಟ್ಟು ಎದ್ದು ಹೋದ.

ಆ ಕಾರಣವನ್ನು ಅವರು ನನಗೆ ಹೇಳಿದ್ದು ಕಾಲುವೆಯ ದಾರಿಯಲ್ಲಿ ನಡೆಯುವಾಗ. ಆಗ ನಾನು ಕೆಲಸ ಕಳೆದುಕೊಂಡಿದ್ದೆ. ಸಾಫ್ಟ್‌ವೇರ್ ಟೆಸ್ಟಿಂಗ್ ತಂಡವನ್ನೇ ಕಂಪನಿಯವರು ಮುಚ್ಚಿದ್ದರು. ಮನೆಯಲ್ಲಿ ಲ್ಯಾಪ್‌ಟಾಪ್ ತೆಗೆಯುವುದು, ಮುಚ್ಚುವುದು, ಫ್ರಿಜ್ ತೆಗೆಯುವುದು, ಮುಚ್ಚುವುದು. ನನ್ನ ಈ ಸ್ಥಿತಿ ನೋಡಿ ಆಪಾ ದಿನಾ ಸಂಜೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ಶೂ ಹಾಕ್ಕೊ" ಅಷ್ಟೇ ಮಾತು.

"ನಮ್ಮ ಅಬ್ಬಾ ಪರೇಡಿನೊಳಗ ನುಡಿಸೂದು ಎಲ್ಲಾರೂ ನೋಡ್ಯಾರ," ಎಂದರು ಒಂದು ದಿನ. "ಎದಿ ಉಬ್ಬಿಸಿಕೊಂಡು ನೋಡ್ಯಾರ. ಹೆಣದ ಪೆಟ್ಟಿಗಿ ಬಂದಾಗೂ ಅವರ ನುಡಿಸಬೇಕಿತ್ತು. ಹುಡುಗನ ಊರಿಗೆ ಹೋಗಬೇಕು, ಅವನ ಅವ್ವನ ಮುಂದ ನಿಂತು ನುಡಿಸಬೇಕು, ವಾಪಸ್ ಬರಬೇಕು. ಬಂದ ಮ್ಯಾಲ ಎರಡ ದಿವಸ ಮಾತಿಲ್ಲ. ನಾವು ಮಕ್ಕಳು ಚಮಚಾ ಸುದ್ದಾ ಸಪ್ಪಳ ಮಾಡತಿರಲಿಲ್ಲ. ಇದನ್ನ ಇವಂಗ ಹೆಂಗ ಹೇಳಲಿ? ಇವಂಗ ಅದು ಕಥಿ."

ಲೀಡ್ಸ್‌ಗೆ ನನ್ನನ್ನು ಕರೆದದ್ದೂ ಅದೇ ದಾರಿಯಲ್ಲಿ. ಅವರ ತಂಡ ಒಂದು ಬೌಲ್ ಪಂದ್ಯಕ್ಕೆ ಆಯ್ಕೆಯಾಗಿತ್ತು. ಬೌಲ್ ಅಂದರೆ ಗೆದ್ದವರಿಗೆ ಬಟ್ಟಲು ಕೊಡುತ್ತಾರೇನೋ ಎಂದುಕೊಂಡಿದ್ದೆ. ಆ ಆಟದಲ್ಲಿ ಫೈನಲ್ ಪಂದ್ಯಕ್ಕೇ ಹಾಗೆನ್ನುತ್ತಾರಂತೆ. ಇದು ದೊಡ್ಡ ಫೈನಲ್ ಕೂಡ ಅಲ್ಲ, ಎರಡನೇ ದರ್ಜೆಯ ತಂಡಗಳ ಸಣ್ಣ ಬೌಲ್. ಆದರೆ ಆ ವರ್ಷ ಸೇನೆಯವರು ಪ್ರಾಯೋಜಕರಾಗಿದ್ದರಿಂದ ಮೆರವಣಿಗೆಯೂ ಇದೆ, ಬ್ಯಾಂಡೂ ಇದೆ ಎಂದರು. "ಬರ್ತೀಯೇನು? ಒಬ್ಬಾಕಿನ ಗಾಡಿ ಹೊಡೀಲಿಕ್ಕೆ ಬ್ಯಾಸರ."

ದಾರಿಯುದ್ದಕ್ಕೂ ಅವರು ರೇಡಿಯೋ ಬದಲಿಸುತ್ತಲೇ ಇದ್ದರು. ಎರಡು ಕಡೆ ಚಹಾಕ್ಕೆಂದು ನಿಲ್ಲಿಸಿ, ಚಹಾ ಬಿಸಿಯೆಂದು ಅರ್ಧಕ್ಕೆ ಬಿಟ್ಟು ಹೊರಟರು.

ಮೈದಾನ ಲೀಡ್ಸ್‌ನ ಹೊರವಲಯದಲ್ಲಿ, ಸುತ್ತ ಓಟದ ಟ್ರ್ಯಾಕ್ ಇದ್ದ ಒಂದು ಸಾಧಾರಣ ಕ್ರೀಡಾಂಗಣ. ಒಂದೇ ಕಡೆ ಚಾವಣಿ, ಅದರ ಕೆಳಗೆ ಕೆಲವು ನೂರು ಜನ, ಹೆಚ್ಚಿನವರು ಆಟಗಾರರ ಗೆಳೆಯರು, ಅಪ್ಪ ಅಮ್ಮಂದಿರು. ಅಡ್ಡಗಾಳಿ ಬರ್ಗರ್ ವ್ಯಾನಿನ ಈರುಳ್ಳಿ ವಾಸನೆಯನ್ನು ಎಲ್ಲರ ಮೇಲೂ ಎರಚುತ್ತಿತ್ತು. ಗೇಟಿನ ಹತ್ತಿರ ಸೇನೆಯವರ ಡೇರೆ; ಅಲ್ಲಿ ಕಂಬಿ ಹಿಡಿದು ಎಷ್ಟು ಹೊತ್ತು ಜೋತಾಡುತ್ತೀರಿ ನೋಡೋಣ ಎಂದು ಹುಡುಗ ಹುಡುಗಿಯರನ್ನು ಕರೆಯುತ್ತಿದ್ದರು. ಪ್ಯಾರಾಶೂಟಿನಲ್ಲಿ ಯೋಧರು ಚೆಂಡು ಹಿಡಿದು ಇಳಿಯುತ್ತಾರೆ ಎಂದು ಧ್ವನಿವರ್ಧಕದವನು ಹೇಳುತ್ತಲೇ ಇದ್ದ. ಮೋಡ ತೀರಾ ಕೆಳಗಿತ್ತು. ಕೊನೆಗೆ ಚೆಂಡು ಒಂದು ಜೀಪಿನಲ್ಲಿ ಬಂತು.

ಕೆಂಪು ಕೋಟಿನ ಬ್ಯಾಂಡಿನವರು ಮೈದಾನಕ್ಕೆ ಇಳಿದಾಗ ನಾನು ಆಪಾ ಅವರ ಮುಖ ನೋಡಿದೆ. ಅವರು ಬೆಂಚಿನ ಮೇಲೆ ಕೂತಿದ್ದ ಆಟಗಾರನೊಬ್ಬನ ಪಾದಕ್ಕೆ ಪಟ್ಟಿ ಸುತ್ತುತ್ತಿದ್ದರು, ತಲೆ ಎತ್ತಲಿಲ್ಲ. ಕೆಡೆಟ್‌ಗಳು ಮೈದಾನದ ಅರ್ಧದಷ್ಟು ಅಗಲದ ಬಾವುಟವನ್ನು ಹಿಡಿದು ತಂದರು. ಗಾಳಿಗೆ ಅದು ಅವರನ್ನೇ ಎಳೆದುಕೊಂಡು ಹೋಗುತ್ತಿತ್ತು. ಮೌನಾಚರಣೆಯಾಯಿತು. ಆಮೇಲೆ ಧ್ವನಿವರ್ಧಕದವನು, ಮಧ್ಯಂತರ ವಿರಾಮದಲ್ಲಿ ಮೈದಾನದ ನಡುವೆ ಕೆಲವು ವಿದ್ಯಾರ್ಥಿಗಳು ಮೀಸಲು ಸೇನೆಯ ಪ್ರಮಾಣ ಸ್ವೀಕರಿಸುತ್ತಾರೆ ಎಂದು ಹೇಳಿ ಹೆಸರುಗಳನ್ನು ಓದಿದ. ಮೂರನೆಯದು ಆಪಾ ಅವರ ಮಗನ ಹೆಸರು. ಉಚ್ಚಾರ ಕೆಟ್ಟಿತ್ತು, ಆದರೂ ಬೇರೆ ಯಾರದೂ ಆಗಿರಲು ಸಾಧ್ಯವಿರಲಿಲ್ಲ.

ಆಪಾ ಅವರಿಗೆ ಅದು ಮೊದಲೇ ಗೊತ್ತಿರಲಿಲ್ಲ. ಕೈ ಪಟ್ಟಿ ಸುತ್ತುತ್ತಲೇ ಇತ್ತು. ಆ ಹುಡುಗ "ಟೂ ಟೈಟ್" ಎಂದ ಮೇಲೆ ಕೈ ನಿಲ್ಲಿಸಿ, ಸುತ್ತಿದ್ದನ್ನೆಲ್ಲ ಕತ್ತರಿಸಿ ತೆಗೆದು, ಮತ್ತೆ ಮೊದಲಿಂದ ಸುತ್ತಿದರು.

ನಾನು ಹತ್ತಿರ ಹೋಗಿ, "ಆಪಾ, ಕೇಳಿಸ್ತಾ?" ಎಂದೆ.

"ಕೇಳಿಸ್ತು. ಆಟ ಶುರು ಆಗ್ತದ, ಗೆರಿ ದಾಟಬ್ಯಾಡ ನೀ."

ಮಗ ಆಗಲೇ ಹೆಲ್ಮೆಟ್ ಹಾಕಿಕೊಂಡು ಮೈದಾನದಲ್ಲಿದ್ದ. ಮಾತಾಡುವ ಹಾಗಿರಲಿಲ್ಲ. ಅವನು ಈ ಜಾಗ, ಈ ಹೊತ್ತನ್ನು ಆರಿಸಿಕೊಂಡದ್ದು ಅದಕ್ಕೇ ಇರಬಹುದು.

ಆ ಆಟ ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಾಲ್ಕು ಉಸಿರು ಓಡುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಶಿಳ್ಳೆ ಕೇಳುತ್ತದೆ, ಮತ್ತೆ ಸಭೆ ಸೇರುತ್ತಾರೆ. ಸಭೆ ಸೇರಿದಾಗಲೆಲ್ಲ ಬ್ಯಾಂಡಿನವರು ಡೋಲು ಬಾರಿಸುವರು. ಆಪಾ ಬಿಳಿ ಗೆರೆಯ ಆಚೆಗೆ, ತಂಡದ ಬೆಂಚಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇದ್ದರು. ಕಣ್ಣು ಮಾತ್ರ ಒಂದೇ ಆಟಗಾರನ ಬೆನ್ನ ಮೇಲಿತ್ತು.

ವಿರಾಮಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಅದು ಆಯಿತು. ಚೆಂಡು ಹಿಡಿದು ಬರುತ್ತಿದ್ದವನನ್ನು ತಡೆಯಲು ಮಗ ತಲೆ ತಗ್ಗಿಸಿ ನುಗ್ಗಿದ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಾಗಿದ ಸದ್ದು ನಮ್ಮವರೆಗೂ ಬಂತು. ಎಲ್ಲರೂ ಎದ್ದ ಮೇಲೂ ಅವನು ಮಂಡಿಯ ಮೇಲೆಯೇ ಇದ್ದ. ಆಪಾ ಓಡಿದರು. ಅವನು ಎದ್ದು, ಅವರ ಕೈ ಬಿಡಿಸಿಕೊಂಡು ತಾನೇ ನಡೆದು ಬಂದು ಬೆಂಚಿನಲ್ಲಿ ಕೂತ. ಹೆಲ್ಮೆಟ್ ತೆಗೆದ.

"ಮಮ್, ಐಯಾಮ್ ಫೈನ್."

ಅಮ್ಮನ ಮಾತು ಅವನಿಗೆ ಎಲ್ಲವೂ ಅರ್ಥವಾಗುತ್ತದೆ, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲಿ. ಆಪಾ ಅವನ ಮುಂದೆ ಮಂಡಿಯೂರಿದ್ದರು. ಕಣ್ಣಿನ ಎದುರು ಬೆರಳು ಎತ್ತಿದರು. ಅವನು ಆ ಬೆರಳನ್ನು ನೋಡಲಿಲ್ಲ, ಅವರ ಮುಖ ನೋಡಿದ.

"ನನ್ನ ಹೆಸರು ಕೇಳಿಸ್ತಲ್ಲವಾ? ಈಗ ನನಗೆ ಮೆದುಳು ಅಲುಗಿ ಕನ್ಕಷನ್ ಆಗಿದೆ ಅಂತ ಬರೆದರೆ ಪ್ರಮಾಣ ತಪ್ಪಿ, ನಿನಗೆ ಬೇಕಾದ್ದು ಆಗಿಬಿಡುತ್ತೆ," ಎಂದ. ಇಂಗ್ಲಿಷಿನಲ್ಲಿ, ಮೆತ್ತಗೆ, ಪಕ್ಕದವರಿಗೆ ಕೇಳಿಸದ ಹಾಗೆ. ನಾನು ಹಿಂದೆಯೇ ನಿಂತಿದ್ದರಿಂದ ಕೇಳಿಸಿತು.

ಎತ್ತಿದ ಬೆರಳು ಹಾಗೇ ಗಾಳಿಯಲ್ಲಿತ್ತು. ಅವರು ಅಷ್ಟು ಹೊತ್ತು ಅಲುಗಾಡದೆ ಇದ್ದದ್ದನ್ನು ನಾನು ಆ ಮೊದಲು ನೋಡಿರಲಿಲ್ಲ. ಆಮೇಲೆ ಬೆರಳು ಮಡಿಸಿ, ಎದ್ದು, ಮೈದಾನದ ಮೂಲೆಯಲ್ಲಿದ್ದ ಆ್ಯಂಬುಲೆನ್ಸಿನ ಕಡೆ ನಡೆದರು. ಅಲ್ಲಿಂದ ಪ್ಯಾರಾಮೆಡಿಕ್ ಒಬ್ಬಳನ್ನು ಕರೆತಂದರು. ಮೂವತ್ತರ ಒಳಗಿನವಳು, ಯಾರ್ಕ್‌ಷೈರಿನವರ ಮಾತು.

"ಇವನು ನನ್ನ ಮಗ. ನಾನು ಇವನನ್ನು ಪರೀಕ್ಷೆ ಮಾಡುವುದಿಲ್ಲ, ನೀವು ಮಾಡಿ. ಏನು ನಿರ್ಧಾರವೋ ನಿಮ್ಮದೇ. ನನ್ನನ್ನು ಏನೂ ಕೇಳಬೇಡಿ," ಎಂದು ಹೇಳಿ, ತಮ್ಮ ಚೀಲವನ್ನೂ ಅವಳ ಕಾಲ ಬಳಿ ಇಟ್ಟು ದೂರ ಹೋದರು.

ತಂಡದ ಕೋಚ್ ಓಡಿ ಬಂದು ನನ್ನನ್ನೇ ಕೇಳಿದ: ಏನಾಗಿದೆ ಈಕೆಗೆ, ಸ್ವಂತ ತಾಯಿ ನೋಡಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು, ಹುಡುಗ ಆಟಕ್ಕೆ ವಾಪಸು ಬರುತ್ತಿದ್ದ. ತಾಯಿ ಅಂದ ಮೇಲೆ ಮಗನನ್ನು ಆಡಲು ಬಿಡುತ್ತಾಳೆ ಎಂದು ಕೋಚ್‌ನ ಲೆಕ್ಕ. ತಾಯಿ ಅಂದ ಮೇಲೆ ತಡೆಯುತ್ತಾಳೆ ಎಂದು ಮಗನ ಲೆಕ್ಕ.

ಆಪಾ ಟ್ರ್ಯಾಕಿನ ಮೇಲೆ ನಡೆಯುತ್ತಿದ್ದರು. ನಾನೂ ಜೊತೆಗೆ ಹೆಜ್ಜೆ ಹಾಕಿದೆ. ಅವರ ವೇಗಕ್ಕೆ ನಾನು ಅರ್ಧ ಓಡಬೇಕಾಗುತ್ತಿತ್ತು.

"ನಿಮಗೆ ಏನನ್ನಿಸುತ್ತೆ ಆಪಾ? ಪೆಟ್ಟು ಜೋರಾಗಿದೆಯಾ?"

"ಗೊತ್ತಿಲ್ಲ."

"ನೀವು ಇಷ್ಟು ವರ್ಷ ನೋಡಿದೋರು..."

"ಇವತ್ತು ನನ್ನ ಕಣ್ಣಿಗೆ ನಂಬಿಕಿ ಇಲ್ಲ ತಂಗಿ. ಅವನ ಕಣ್ಣಾಗ ಏನೋ ಮಬ್ಬು ಕಂಡಂಗಾತು. ಖರೇನ ಕಂಡ್ತೋ, ಕಾಣ್ಲಿ ಅಂತ ನೋಡಿದೆನೋ, ಹೇಳಾಕ ಬರವಲ್ದು." ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಈ ಹುಡುಗಿ ಬಿಡ್ತಾಳಂದ್ರ ಬಿಡಲಿ. ಆಡಲಿ. ಮೈದಾನದ ನಡುವ ನಿಂತು ಕೈ ಎತ್ತಿ ಪ್ರಮಾಣ ಹೇಳಲಿ," ಎಂದರು.

ಹಾಗೆನ್ನುವಾಗ ಅವರ ಮುಖವನ್ನು ನಾನು ನೋಡಲಿಲ್ಲ.

ಪ್ಯಾರಾಮೆಡಿಕ್ ಅವನನ್ನು ಬಹಳ ಹೊತ್ತು ನೋಡಿದಳು. ಎದುರಾಳಿ ಯಾರು, ಯಾವ ಊರು, ಕೊನೆಗೆ ಅಂಕ ಗಳಿಸಿದ್ದು ಯಾರು ಎಂಬುದಕ್ಕೆಲ್ಲ ಸರಿಯಾಗಿ ಹೇಳಿದನಂತೆ. ಮೊದಲಿಗೆ ಹೇಳಿಕೊಟ್ಟ ಪದಗಳನ್ನು ಕೊನೆಯಲ್ಲಿ ತಿರುಗಿ ಹೇಳು ಎಂದಾಗ ಎರಡು ಮರೆತನಂತೆ. ಚಳಿಗೂ ಮರೆಯಬಹುದು, ಕೋಪಕ್ಕೂ ಮರೆಯಬಹುದು. ಅವಳು ಇವತ್ತು ಆಟವಿಲ್ಲ ಎಂದಳು. ಡೇರೆಯಿಂದ ಬಂದ ಸೇನಾಧಿಕಾರಿ, ನರೆಗೂದಲಿನ ಸೌಮ್ಯ ಹೆಂಗಸು, ಅದನ್ನು ಕೇಳಿ ಪ್ರಮಾಣವೂ ಇವತ್ತು ಬೇಡ, ಗುಣವಾದ ಮೇಲೆ ಕಚೇರಿಗೆ ಬಾ ಎಂದು ಅವನ ಹೆಗಲು ಮುಟ್ಟಿ ಹೋದಳು.

ವಿರಾಮದಲ್ಲಿ ಉಳಿದವರು ಮೈದಾನದ ನಡುವೆ ನಿಂತು ಕೈ ಎತ್ತಿದರು. ಬ್ಯಾಂಡ್ ಮೊಳಗಿತು, ಗಾಳಿಗೆ ಅವರ ಮಾತು ಹಾರಿಹೋಯಿತು, ಜನ ಚಪ್ಪಾಳೆ ಹೊಡೆದರು. ಮಗ ಕಂಬಳಿ ಹೊದ್ದು ಬೆಂಚಿನಲ್ಲಿ ಕೂತು ನೋಡಿದ. ಆಪಾ ಅವನಿಂದ ಸ್ವಲ್ಪ ದೂರದಲ್ಲಿ, ಇನ್ನೊಬ್ಬ ಹುಡುಗನ ಮೊಣಕೈಗೆ ಐಸ್ ಒತ್ತಿ ಹಿಡಿದಿದ್ದರು. ಪಂದ್ಯವನ್ನು ಅವರ ತಂಡ ಸ್ವಲ್ಪದರಲ್ಲಿ ಸೋತಿತು. ಬಸ್ಸು ಹತ್ತುವಾಗ ಹುಡುಗರು ಯಾರೂ ಆಪಾ ಕಡೆ ತಿರುಗಲಿಲ್ಲ.

ತಲೆಗೆ ಪೆಟ್ಟಾದವನನ್ನು ತಂಡದ ಬಸ್ಸಿನಲ್ಲಿ ಕಳಿಸುವುದು ಬೇಡವೆಂದು ಅವನು ನಮ್ಮ ಕಾರಿನಲ್ಲೇ ಬಂದ. ನಾನು ಓಡಿಸಿದೆ. ಅವನು ನನ್ನ ಪಕ್ಕ, ಆಪಾ ಹಿಂದೆ. ಊರು ದಾಟಿ ಮೋಟರ್‌ವೇ ಸೇರಿದೆವು. ಆಪಾ ಆಗಾಗ ಮುಂದೆ ಬಾಗಿ ಅವನ ಕೆನ್ನೆಯ ಬಣ್ಣ ನೋಡುವುದು, ಹಿಂದೆ ಸರಿಯುವುದು, ಕಿಟಕಿ ಇಳಿಸುವುದು, ಏರಿಸುವುದು.

ಶೆಫೀಲ್ಡಿನ ಬೋರ್ಡು ಕಂಡಾಗ ಅವನು ಮುಂದಿನ ರಸ್ತೆಯನ್ನೇ ನೋಡುತ್ತ ಹೇಳಿದ. "ನಿನಗೆ ಇದೇ ಬೇಕಾಗಿತ್ತು."

ಇಲ್ಲ ಅನ್ನುತ್ತಾರೆ ಎಂದು ನಾನು ಕಾದೆ. ನಾನಾಗಿದ್ದರೆ ಹಾಗೇ ಅನ್ನುತ್ತಿದ್ದೆ. ಆಪಾ ತಮ್ಮ ದಖ್ಖನಿಯಲ್ಲಿ ಹೌದು ಎಂದರು. ಆಮೇಲೆ, ನಾನೂ ಸಾಕ್ಷಿಯಾಗಿರಲಿ ಅಂತಲೋ ಏನೋ, ಅದನ್ನೇ ಕನ್ನಡದಲ್ಲಿ ಹೇಳಿದರು.

"ಹೌದು, ನನಗ ಇದ ಬೇಕಾಗಿತ್ತು. ಹೆಸರು ಕೇಳಿದಾಗಿಂದ, ಏನರ ಆಗಿ ಇದು ತಪ್ಪಲಿ ಅಂತ ಬೇಡ್ಕೊಂಡೆ. ಅದಕ್ಕ ನಿನ್ನ ನಾ ನೋಡಲಿಲ್ಲ."

ಅವನು ಕಣ್ಣು ಮುಚ್ಚಿದ. ಆಪಾ ತಕ್ಷಣ ಅವನ ಭುಜ ತಟ್ಟಿದರು.

"ಡೋಂಟ್ ಸ್ಲೀಪ್."

"ಐಯಾಮ್ ನಾಟ್ ಸ್ಲೀಪಿಂಗ್," ಎಂದ. ಸಿಡುಕಿತ್ತು, ಆದರೆ ಮೈದಾನದ ಸಿಡುಕಲ್ಲ. ಆ ವಾರವಿಡೀ ಅವನು ಅಮ್ಮನ ಮನೆಯಲ್ಲೇ ಇದ್ದ.

ತಂಡಕ್ಕೆ ಆಪಾ ಮತ್ತೆ ಹೋಗಲಿಲ್ಲ. ಅವರು ಕರೆಯಲಿಲ್ಲ, ಇವರು ಕೇಳಲಿಲ್ಲ. ಅವನಿಗೆ ಅಂದು ನಿಜವಾಗಿಯೂ ಮೆದುಳು ಅಲುಗಿತ್ತೋ ಇಲ್ಲವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ; ಕಾಣಬೇಕೆಂದೂ ಇಲ್ಲವಂತೆ. ಆ ಪ್ರಶ್ನೆ ಅವರನ್ನು ಬಹಳ ದಿನ ಕಾಡಿತು. ನಡೆಯುವಾಗ ಇದ್ದಕ್ಕಿದ್ದಂತೆ ನಿಂತು, "ಆ ಮಬ್ಬು ಖರೇನ ಇತ್ತೇನು?" ಎಂದು ನನ್ನನ್ನು ಕೇಳುತ್ತಿದ್ದರು, ನಾನು ನೋಡಿದವಳ ಹಾಗೆ.

ಬೇಸಿಗೆ ಶುರುವಾಗುವ ಹೊತ್ತಿಗೆ ಮಗ ಬರ್ಮಿಂಗ್‌ಹ್ಯಾಮಿನಲ್ಲೇ ಒಂದು ಕಚೇರಿಯಲ್ಲಿ ಪ್ರಮಾಣ ತೆಗೆದುಕೊಂಡ. ದಿನ ಗೊತ್ತಾದ ಕೂಡಲೇ ಅಮ್ಮನಿಗೆ ಫೋನು ಮಾಡಿ ಬರುತ್ತೀಯಾ ಎಂದು ಕೇಳಿದನಂತೆ. ಆಪಾ ರಜೆ ಹಾಕಿ ಹೋದರು. ಅಂದು ಸಂಜೆ ನನ್ನ ಬಾಗಿಲಿಗೆ ಬಂದಾಗ ಇನ್ನೂ ಈದ್‌ಗೆ ಉಡುವ ಸೀರೆಯಲ್ಲೇ ಇದ್ದರು. ಅದರ ಕೆಳಗೆ ನಡಿಗೆಯ ಶೂ.

"ಹೇಗಾಯ್ತು ಆಪಾ?"

"ಸಣ್ಣ ಖೋಲಿ. ಒಂದು ಟೇಬಲ್ಲು, ಒಂದು ಫೋಟೋ, ಒಬ್ಬ ಆಫೀಸರು. ಬ್ಯಾಂಡ್ ಇಲ್ಲ, ಬಾವುಟ ಹಾರ್ಸೂದಿಲ್ಲ, ಚಪ್ಪಾಳಿ ಇಲ್ಲ. ಅಂವ ಏನೇನ್ ಅಂದ ಎಲ್ಲಾ ಕೇಳಿಸ್ತು. ಒಂದೊಂದ ಶಬ್ದ ಕೇಳಿಸ್ತು."

"ಹಾಗಾದ್ರೆ ಒಪ್ಪಿದ್ರಿ."

"ಇಲ್ಲ," ಎಂದರು ಆಪಾ. "ಒಪ್ಪಿಲ್ಲ. ಅಂವಗೂ ಹಂಗ ಹೇಳಿ ಬಂದೀನಿ. ಅಂವ ನನ್ನ ಕೈ ಹಿಡ್ಕೊಂಡು ಬಸ್ ಸ್ಟಾಪಿನ ತನಕ ಬಂದ."